ಹೆಸರನ್ನು ಆರಿಸುವ ಮುನ್ನ: ಟ್ರೇಡ್ ಮಾರ್ಕ್ ನೋಂದಣಿ

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳಲ್ಲಿ ಉಪಾಹಾರ ಗೃಹ ನಡೆಸುವ, ಉಪ್ಪಿನಕಾಯಿ, ಮಸಾಲೆ ಪುಡಿಗಳನ್ನು ತಯಾರಿಸಿ ಮಾರುವ ಕನ್ನಡಿಗರು ಅನೇಕರಿದ್ದಾರೆ. ನಾಮಫಲಕ, ಪೊಟ್ಟಣ, ಜಾಹೀರಾತುಗಳಿಗೆ ಹಣ ತೊಡಗಿಸಿದ ಬಳಿಕ ಆ ಹೆಸರು ಬೇರೊಬ್ಬರದೆಂದು ವಕೀಲರ ನೋಟೀಸು ಬಂದಲ್ಲಿ ಆಗುವ ನಷ್ಟ ಅಲ್ಪವಲ್ಲ. ಗಿರಾಕಿಗಳು ಗುರುತಿಸುವುದು ಹೆಸರನ್ನೇ ಆದುದರಿಂದ, ಅದು ಕೈತಪ್ಪಿದರೆ ವರ್ಷಗಳಿಂದ ಗಳಿಸಿದ ವಿಶ್ವಾಸವೂ ಕೈತಪ್ಪಬಹುದು.

ಈ ವಿಷಯವನ್ನು ನಿಯಂತ್ರಿಸುವುದು 1999ರ ಟ್ರೇಡ್ ಮಾರ್ಕ್ಸ್ ಅಧಿನಿಯಮ. ಇದು 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದಿತು. ಅದಕ್ಕೆ ಹಿಂದಿನ 1958ರ ಅಧಿನಿಯಮವು ಸರಕುಗಳಿಗೆ ಮಾತ್ರ ಸೀಮಿತವಾಗಿತ್ತು. ಈಗ ಹೋಟೆಲಿನಂತಹ ಸೇವೆಗಳ ಹೆಸರನ್ನೂ ನೋಂದಾಯಿಸಬಹುದು.

ಸರಕಿನ ಗುಣವನ್ನೋ ಅದರ ಮೂಲಸ್ಥಳವನ್ನೋ ಹೇಳುವ ಪದಗಳಿಗೆ ಸಾಮಾನ್ಯವಾಗಿ ನೋಂದಣಿ ದೊರೆಯದು. ‘ಶುದ್ಧ’, ‘ರುಚಿಕರ’ ಎಂಬ ಮಾತುಗಳು ಎಲ್ಲ ವ್ಯಾಪಾರಿಗಳ ಸೊತ್ತು. ದೀರ್ಘ ಬಳಕೆಯಿಂದ ಅಂತಹ ಪದ ಒಬ್ಬರ ಸರಕನ್ನೇ ಸೂಚಿಸುವಂತಾಗಿದ್ದರೆ ಮಾತ್ರ ವಿನಾಯಿತಿಯುಂಟು. ಅಗರಬತ್ತಿಗೆ ‘ರಾಮಾಯಣ’ ಎಂಬ ಹೆಸರಿನ ಮೇಲೆ ಏಕಸ್ವಾಮ್ಯ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪಿತ್ತಿತು. ಹೊಸದಾಗಿ ಕಟ್ಟಿದ, ಸರಕಿಗೆ ಸಂಬಂಧವಿಲ್ಲದ ಪದವೇ ಕಾನೂನಿನ ದೃಷ್ಟಿಯಲ್ಲಿ ಬಲವಾದುದು. ಮಾರಾಟಗಾರರಿಗೆ ಇಷ್ಟವಾಗುವುದು ಮಾತ್ರ ಹೆಚ್ಚಾಗಿ ಇದಕ್ಕೆ ವಿರುದ್ಧವಾದ ಬಗೆಯ ಹೆಸರು.

ಈ ಸಂದರ್ಭದಲ್ಲಿ ಕರ್ನಾಟಕದ ಒಂದು ಪ್ರಕರಣ ಗಮನಾರ್ಹ. ಕರ್ನಾಟಕ ಹಾಲು ಮಹಾಮಂಡಳವು 1985ರಿಂದ ‘ನಂದಿನಿ’ ಎಂಬ ಹೆಸರನ್ನು ಬಳಸುತ್ತಿತ್ತು. 1989ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ನಂದಿನಿ ಡಿಲಕ್ಸ್’ ಉಪಾಹಾರ ಗೃಹವು ಆಹಾರ ಪದಾರ್ಥಗಳಿಗೆ ತನ್ನ ಚಿಹ್ನೆಯ ನೋಂದಣಿ ಕೋರಿದಾಗ ಮಹಾಮಂಡಳವು ಆಕ್ಷೇಪಿಸಿತು. ಉಚ್ಚ ನ್ಯಾಯಾಲಯವು ಮಹಾಮಂಡಳದ ಪರವಾಗಿ ನಿಂತಿತು. ಆದರೆ 2018ರ ಜುಲೈ 26ರಂದು ಸರ್ವೋಚ್ಚ ನ್ಯಾಯಾಲಯವು, ನಂದಿನಿ ಎಂಬುದು ಪುರಾಣದ ಕಾಮಧೇನುವಿನ ಸಂಬಂಧವಾದ ಹೆಸರು, ಎರಡು ಚಿಹ್ನೆಗಳ ಚಿತ್ರಗಳೂ ಸರಕುಗಳೂ ಬೇರೆ, ಗ್ರಾಹಕರಿಗೆ ಭ್ರಾಂತಿಯಾಗದು ಎಂದು ಪರಿಗಣಿಸಿ, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಬಿಟ್ಟು ಉಳಿದವುಗಳಿಗೆ ನೋಂದಣಿಯನ್ನು ಎತ್ತಿಹಿಡಿಯಿತು. ಗೆದ್ದವರಿಗೂ ಈ ವ್ಯಾಜ್ಯ ಅನೇಕ ವರ್ಷಗಳನ್ನು ತೆಗೆದುಕೊಂಡಿತು.

ಆದುದರಿಂದ ಅರ್ಜಿಗೆ ಮುನ್ನ ನೋಂದಣಿ ಕಚೇರಿಯ ದಾಖಲೆಗಳಲ್ಲಿ ಅದೇ ಹೆಸರು ಮಾತ್ರವಲ್ಲ, ಉಚ್ಚಾರದಲ್ಲಿ ಹೋಲುವ ಹೆಸರುಗಳನ್ನೂ ಹುಡುಕಬೇಕು. ಸರಕು, ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಲಾಗಿದೆ. ಮಹಾರಾಷ್ಟ್ರದವರ ಅರ್ಜಿಗಳು ಮುಂಬಯಿ ಕಚೇರಿಗೂ ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಗೂ ಸೇರುತ್ತವೆ. 2017ರ ನಿಯಮಗಳಂತೆ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಅಂತರ್ಜಾಲದ ಮೂಲಕ ಸಲ್ಲಿಸುವ ಅರ್ಜಿಗೆ ವರ್ಗವೊಂದಕ್ಕೆ ಶುಲ್ಕ 4,500 ರೂಪಾಯಿ. ಅಂಗೀಕೃತ ಚಿಹ್ನೆಯು ಟ್ರೇಡ್ ಮಾರ್ಕ್ಸ್ ಜರ್ನಲ್‌ನಲ್ಲಿ ಪ್ರಕಟವಾದ ನಾಲ್ಕು ತಿಂಗಳೊಳಗೆ ಯಾರೂ ವಿರೋಧಿಸಬಹುದು. ನೋಂದಣಿಯ ಅವಧಿ ಹತ್ತು ವರ್ಷ. ಅದನ್ನು ಮತ್ತೆ ಮತ್ತೆ ನವೀಕರಿಸಬಹುದು.

ಅಂಗಡಿಯ ಪರವಾನಗಿ ಅಥವಾ ಕಂಪನಿಯ ನೋಂದಣಿಯಿಂದ ಈ ಹಕ್ಕು ಬರುವುದಿಲ್ಲ. ಆದರೆ ಮೊದಲಿನಿಂದ ಪ್ರಾಮಾಣಿಕವಾಗಿ ಹೆಸರನ್ನು ಬಳಸುತ್ತಿರುವವರಿಗೆ, ನೋಂದಣಿ ಇಲ್ಲದಿದ್ದರೂ, ಕಾನೂನಿನ ರಕ್ಷಣೆಯುಂಟು. ಬಳಕೆಯನ್ನು ಅವರೇ ಸಾಬೀತುಪಡಿಸಬೇಕಾದುದರಿಂದ ಹಳೆಯ ಬಿಲ್ಲು, ಕರಪತ್ರ, ಜಾಹೀರಾತುಗಳನ್ನು ದಿನಾಂಕಸಹಿತ ಕಾಪಾಡಿಕೊಂಡಿರುವುದು ಉಚಿತ.