ಹಂಪಿಯಲ್ಲಿ ಅಚ್ಚಾದ ಪುಸ್ತಕ ಆಲೂರಿಗೆ ಬರುವ ದಾರಿ

ಆಂಧ್ರದ ಕರ್ನೂಲು ಜಿಲ್ಲೆಯ ಆಲೂರು ಸೀಮೆಯ ಚಿಪ್ಪಗಿರಿ ಅಂದರೆ ದಾಸಸಾಹಿತ್ಯ ಬಲ್ಲವರು ಕೂಡಲೇ ವಿಜಯದಾಸರ ಕಟ್ಟೆ ಎನ್ನುತ್ತಾರೆ. 1682ರಲ್ಲಿ ರಾಯಚೂರು ಸೀಮೆಯ ಚೀಕಲಪರ್ವಿಯಲ್ಲಿ ಹುಟ್ಟಿದ ದಾಸರು 1755ರಲ್ಲಿ ದೇಹ ಬಿಟ್ಟದ್ದು ಚಿಪ್ಪಗಿರಿಯಲ್ಲಿ. ಕಾರ್ತಿಕ ಶುದ್ಧ ದಶಮಿಗೆ ಅವರ ಆರಾಧನೆ. ಆದರೆ ಅವರ ಸುಳಾದಿಗಳನ್ನು ಓಲೆಪ್ರತಿ, ಕೈಬರಹಗಳ ಜೊತೆ ಹೋಲಿಸಿ, ಪಾಠಾಂತರ ಗುರುತಿಸಿ ಸಂಪಾದಿಸಿದ ಸಂಪುಟವೊಂದು ಬೇಕು ಎಂದು ಆಲೂರು ಪೇಟೆಯಲ್ಲಿ ಕೇಳಿ ನೋಡಿ. ನೋಟ್‌ಬುಕ್ಕು, ಗೈಡು, ಪಂಚಾಂಗ ಸಿಗುತ್ತವೆ. ಅಂಥ ಸಂಪುಟ ಬೆಂಗಳೂರಿನ ದೊಡ್ಡ ಅಂಗಡಿಯಲ್ಲೂ ಸುಲಭಕ್ಕೆ ಕೈಗೆ ಬರುವುದಲ್ಲ. ಅದು ಬೇರೆ ದಾರಿಯಲ್ಲಿ ಓಡಾಡುವ ಪುಸ್ತಕ. ಆ ದಾರಿ ಗೊತ್ತಿದ್ದವರಿಗೆ ಆಲೂರೇನು, ಹೊಳಗುಂದವೇನು, ಎಲ್ಲಿಗಾದರೂ ತರಿಸಬಹುದು.

ವಿಶ್ವವಿದ್ಯಾಲಯದ ಪುಸ್ತಕದಿಂದ ಶುರು ಮಾಡೋಣ. ಕನ್ನಡದಲ್ಲಿ ಪುಸ್ತಕ ಹೊರತರುವ ಕೆಲಸ ಮಾಡುವ ವಿಭಾಗಕ್ಕೆ ಪ್ರಸಾರಾಂಗ ಎಂದು ಹೆಸರು. ಮೈಸೂರು, ಧಾರವಾಡ, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಒಂದೊಂದು ಉಂಟು. ನಮಗೆ ಹತ್ತಿರದ್ದು ಹಂಪಿಯ ಕನ್ನಡ ವಿಶ್ವವಿದ್ಯಾಲಯದ್ದು. 1991ರಲ್ಲಿ ಚಂದ್ರಶೇಖರ ಕಂಬಾರರು ಮೊದಲ ಕುಲಪತಿಯಾಗಿ ಕಟ್ಟಿದ ಈ ಸಂಸ್ಥೆ ಸಾವಿರಕ್ಕೂ ಹೆಚ್ಚು ಪುಸ್ತಕ ತಂದಿದೆ. ಆಲೂರಿನಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರ್ ಆಸುಪಾಸು. ಅಲ್ಲಿಂದ ಹೊಸಪೇಟೆ ದಾರಿ ಹಿಡಿದರೆ ಕಮಲಾಪುರದ ಹತ್ತಿರವೇ ವಿದ್ಯಾರಣ್ಯ ಆವರಣ.

ಅಲ್ಲಿ ಪುಸ್ತಕವೊಂದು ಹುಟ್ಟುವ ಬಗೆ ಹೀಗೆ. ಅಧ್ಯಾಪಕರೊಬ್ಬರು ಯೋಜನೆ ಮುಗಿಸುತ್ತಾರೆ, ಇಲ್ಲವೇ ಯಾರದೋ ಪಿಎಚ್.ಡಿ. ಪ್ರಬಂಧ ಪುಸ್ತಕವಾಗುವ ಮಟ್ಟಕ್ಕೆ ಬರುತ್ತದೆ. ಹಸ್ತಪ್ರತಿಯನ್ನು ಆ ವಿಷಯ ಬಲ್ಲವರಿಗೆ ಓದಲು ಕಳಿಸುತ್ತಾರೆ. ಅವರು ತಿದ್ದು ಎಂದದ್ದನ್ನು ಲೇಖಕರು ತಿದ್ದಬೇಕು. ಆಮೇಲೆ ಸಮಿತಿ, ಅಂದಾಜು ಪಟ್ಟಿ, ಅನುದಾನದ ಮಂಜೂರಾತಿ, ಮುದ್ರಣ. ಇದರಲ್ಲಿ ವರ್ಷ ಕಳೆದರೂ ಯಾರೂ ಆಶ್ಚರ್ಯಪಡುವುದಿಲ್ಲ. ಲಾಭ ಮಾಡಬೇಕಾದ ಗರಜಿಲ್ಲ, ನೌಕರರ ಸಂಬಳವನ್ನು ಪುಸ್ತಕದ ಮೇಲೆ ಹೇರಬೇಕಾಗಿಯೂ ಇಲ್ಲ; ಹಾಗಾಗಿ ಬೆಲೆ ಕಡಿಮೆ. ಖಾಸಗಿ ಪ್ರಕಾಶಕ ಕೈ ಹಾಕಲು ಅಂಜುವ ಶಾಸನ ಸಂಪುಟ, ನಿಘಂಟು, ಜಾನಪದ ಮಹಾಕಾವ್ಯ ಇಲ್ಲಿಂದಲೇ ಬರಬೇಕು. ಬ್ರಿಟಿಷ್ ಸರ್ವೇ ಅಧಿಕಾರಿ ಮೆಕೆಂಝಿಯ ಕಾಲದಲ್ಲಿ ಊರೂರಿನ ಶಾನುಭೋಗರಿಂದ ಬರೆಸಿಕೊಂಡ ಊರಿನ ವೃತ್ತಾಂತಗಳನ್ನು, ಅಂದರೆ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದಾಗ ಅಚ್ಚು ಹಾಕಿದ್ದು ಹಂಪಿಯ ಪ್ರಸಾರಾಂಗವೇ, 1994ರಲ್ಲಿ.

ಕೊರತೆಯೂ ಇದೇ ವ್ಯವಸ್ಥೆಯ ಒಳಗೇ ಇದೆ. ಅಚ್ಚು ಹಾಕಿದ ಮೇಲೆ ಮಾರುವುದು ಯಾರ ತಲೆನೋವೂ ಅಲ್ಲ. ಊರೂರಿಗೆ ಏಜೆಂಟರಿಲ್ಲ, ಅಂಗಡಿಗೆ ಕೊಡುವ ಕಮಿಷನ್ನೂ ಅಷ್ಟಕ್ಕಷ್ಟೆ. ಒಳ್ಳೆಯ ಪುಸ್ತಕ ಬೇಗ ಮುಗಿದರೆ ಮರುಮುದ್ರಣಕ್ಕೆ ಮತ್ತೆ ಅದೇ ಕಡತ, ಅದೇ ಸಮಿತಿ. ನನ್ನ ಮಾತು ಕೇಳುವುದಾದರೆ, ಪ್ರಸಾರಾಂಗದ ಪುಸ್ತಕ ಕಣ್ಣಿಗೆ ಬಿದ್ದ ದಿನವೇ ಕೊಳ್ಳಿ, ಮುಂದಿನ ವರ್ಷ ನೋಡೋಣ ಎನ್ನಬೇಡಿ. ನವೆಂಬರ್ ತಿಂಗಳ ರಿಯಾಯಿತಿಗೆ ಕಾಯುವುದು ಮಾತ್ರ ಲಾಭದ ಬಾಬತ್ತು. ರಾಜ್ಯೋತ್ಸವದ ನೆಪದಲ್ಲಿ ಸರ್ಕಾರಿ ಪ್ರಕಾಶನಗಳ ಎಷ್ಟೋ ಪುಸ್ತಕ ಅರ್ಧ ಬೆಲೆಗೆ ಬರುತ್ತವೆ.

ಸ್ವತಂತ್ರ ಪ್ರಕಾಶಕರ ಲೋಕ ಬೇರೆ. ಇಲ್ಲಿ ಸಮಿತಿ ಎಂದರೆ ಒಬ್ಬರೇ, ಹೆಚ್ಚೆಂದರೆ ಮನೆಯವರು. ಧಾರವಾಡದ ಮನೋಹರ ಗ್ರಂಥಮಾಲೆಯನ್ನು 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದಾಗ ಬಂಡವಾಳವಾಗಿದ್ದದ್ದು ಚಂದಾದಾರರ ನಂಬಿಕೆ. ವರ್ಷದ ಹಣ ಮೊದಲೇ ಕಟ್ಟಿದವರ ಮನೆಗೆ ಪುಸ್ತಕ ಹೋಗುತ್ತಿತ್ತು. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಹೊರಬಂದದ್ದು ಆ ಮಾಲೆಯಲ್ಲೇ. ಬಾನು ಮುಷ್ತಾಕ್ ಅವರ ಕತೆಗಳನ್ನು ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಅದನ್ನು ಇಂಗ್ಲೆಂಡಿನಲ್ಲಿ ತಂದ ‘ಆ್ಯಂಡ್ ಅದರ್ ಸ್ಟೋರೀಸ್’ ಎಂಬ ಪುಟ್ಟ ಪ್ರಕಾಶನವೂ ಚಂದಾದಾರರನ್ನೇ ನಂಬಿಕೊಂಡದ್ದು. ಅವರ ಹೆಸರುಗಳನ್ನು ಪುಸ್ತಕದ ಕೊನೆಯಲ್ಲಿ ಅಚ್ಚು ಹಾಕುತ್ತಾರೆ. ಧಾರವಾಡದವರು ಈ ದಾರಿ ಕಂಡು ತೊಂಬತ್ತು ವರ್ಷ ದಾಟಿತು.

ನಮ್ಮ ಸುತ್ತಿನ ಹೆಸರುಗಳನ್ನು ಹೇಳುವುದಾದರೆ ಬಳ್ಳಾರಿಯಲ್ಲೇ ಲೋಹಿಯಾ ಪ್ರಕಾಶನವಿದೆ. ಸಂಡೂರಿನ ವಸುಧೇಂದ್ರ ಬೆಂಗಳೂರಲ್ಲಿ ಕಟ್ಟಿದ ಛಂದ ಪುಸ್ತಕ ಹೊಸ ಕತೆಗಾರರ ಮೊದಲ ಸಂಕಲನಕ್ಕೆ ಸ್ಪರ್ಧೆ ನಡೆಸುತ್ತದೆ. ಹೆಗ್ಗೋಡಿನ ಅಕ್ಷರ ಪ್ರಕಾಶನ, ಶಿವಮೊಗ್ಗದ ಅಹರ್ನಿಶಿ, ಬೆಂಗಳೂರಿನ ಅಭಿನವ, ಇವರೆಲ್ಲ ಒಂದೊಂದು ರುಚಿಯವರು. ಲೇಖಕನ ಹೆಸರು ಗೊತ್ತಿರದಿದ್ದರೂ ಪ್ರಕಾಶನದ ಹೆಸರು ನೋಡಿ ಪುಸ್ತಕ ಕೊಳ್ಳುವ ಓದುಗರು ಕನ್ನಡದಲ್ಲಿ ಇನ್ನೂ ಇದ್ದಾರೆ.

ಪುಸ್ತಕವೊಂದರ ಪೂರ್ತಿ ಜಾತಕ ತಿಳಿಯಬೇಕಾದರೆ ಶೀರ್ಷಿಕೆ ಪುಟ ತಿರುಗಿಸಿ ಅದರ ಬೆನ್ನಿಗಿರುವ ಪುಟ ಓದಬೇಕು. ಸಾಮಾನ್ಯವಾಗಿ ಅದನ್ನು ಯಾರೂ ಓದುವುದಿಲ್ಲ. ಬಹುಪಾಲು ಕನ್ನಡ ಪುಸ್ತಕಗಳು ಅಲ್ಲಿ ಏನನ್ನೂ ಮುಚ್ಚಿಡುವುದಿಲ್ಲ: ಮೊದಲ ಮುದ್ರಣದ ವರ್ಷ, ಪ್ರತಿಗಳು 500, ಪುಟಗಳು 208, ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೊ, ಆಕಾರ 1/8 ಡೆಮಿ, ಮುಖಪುಟ ಯಾರದು, ಅಕ್ಷರಜೋಡಣೆ ಎಲ್ಲಿ, ಮುದ್ರಣ ಎಲ್ಲಿ. ಒಂದು ಡೆಮಿ ಹಾಳೆಯನ್ನು ಎಂಟು ಎಲೆಯಾಗಿ ಮಡಚಿದರೆ ಹದಿನಾರು ಪುಟ. ಅದಕ್ಕೆ ಒಂದು ಫಾರಂ ಎನ್ನುತ್ತಾರೆ. 208 ಪುಟ ಎಂದರೆ ಹದಿಮೂರು ಫಾರಂ. ಪ್ರೆಸ್ಸಿನವರು ಲೆಕ್ಕ ಹಾಕುವುದು ಫಾರಮ್ಮಿನಲ್ಲೇ. ಹೀಗಾಗಿಯೇ ಲೇಖಕ ಕೊನೇ ಗಳಿಗೆಯಲ್ಲಿ ಎರಡು ಪುಟ ಸೇರಿಸುತ್ತೇನೆ ಎಂದರೆ ಪ್ರಕಾಶಕರ ಮುಖ ಬಾಡುತ್ತದೆ.

ಆ ಪುಟದಲ್ಲಿ ನಾನು ಮೊದಲು ನೋಡುವುದು ಪ್ರತಿಗಳ ಸಂಖ್ಯೆ. ಅಕ್ಷರಜೋಡಣೆ, ಕರಡು ತಿದ್ದುವುದು, ಮುಖಪುಟ, ಪ್ಲೇಟು, ಇವಕ್ಕೆ ಐನೂರು ಪ್ರತಿಗೂ ಅಷ್ಟೇ ಖರ್ಚು, ಎರಡು ಸಾವಿರಕ್ಕೂ ಅಷ್ಟೇ. ಪ್ರತಿ ಕಡಿಮೆಯಾದಷ್ಟೂ ಒಂದೊಂದರ ಅಸಲು ಏರುತ್ತದೆ. 200 ರೂಪಾಯಿಯ ಪುಸ್ತಕ ಎಂದಿಟ್ಟುಕೊಳ್ಳಿ. ಅಂಗಡಿಯವರಿಗೂ ವಿತರಕರಿಗೂ ಮೂವತ್ತರಿಂದ ನಲವತ್ತು ಪರ್ಸೆಂಟ್ ಬಿಡಬೇಕು, ಲೇಖಕರ ಗೌರವಧನ ಹತ್ತು ಪರ್ಸೆಂಟ್. ಉಳಿದ ನೂರು, ನೂರಿಪ್ಪತ್ತರಲ್ಲಿ ಕಾಗದ, ಅಚ್ಚು, ಬೈಂಡಿಂಗು, ಸಾಗಾಣಿಕೆ, ಜೊತೆಗೆ ಮಾರಾಟವಾಗದೆ ಉಳಿದ ಕಟ್ಟುಗಳ ನಷ್ಟ. ನೀವು ಪ್ರಕಾಶಕರಿಂದಲೇ ನೇರ ತರಿಸಿಕೊಂಡರೆ ಅವರು ಹತ್ತಿಪ್ಪತ್ತು ರೂಪಾಯಿ ಬಿಟ್ಟುಕೊಟ್ಟೂ ಅಂಗಡಿಗೆ ಕೊಡುವುದಕ್ಕಿಂತ ಹೆಚ್ಚು ಉಳಿಸುತ್ತಾರೆ. ಸಂಕೋಚ ಬೇಡ, ಕೇಳಿ.

ಇನ್ನೊಂದು ಗುಟ್ಟು ಗ್ರಂಥಾಲಯದ್ದು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆ ಆಯಾ ವರ್ಷದ ಪುಸ್ತಕಗಳನ್ನು ಪ್ರಕಾಶಕರಿಂದ ತರಿಸಿ, ಸಮಿತಿಯಿಂದ ಆಯ್ಕೆ ಮಾಡಿಸಿ, ಆಯ್ಕೆಯಾದದ್ದರ ಕೆಲವು ನೂರು ಪ್ರತಿ ಕೊಳ್ಳುತ್ತದೆ. ಹಣ ಕೊಡುವುದು ಮುಖಬೆಲೆಗಲ್ಲ, ಪುಟಕ್ಕೆ ಇಷ್ಟು ಎಂಬ ಸರ್ಕಾರಿ ದರಕ್ಕೆ. ಐನೂರು ಪ್ರತಿ ಅಚ್ಚು ಹಾಕಿದವರಿಗೆ ಈ ಖರೀದಿಯೇ ಉಸಿರು. ಆದರೆ ಆ ಪುಸ್ತಕಗಳು ಹೋಗುವುದು ಕರ್ನಾಟಕದ ಗ್ರಂಥಾಲಯಗಳಿಗೆ. ಬಳ್ಳಾರಿಯ ಕಪಾಟಿಗೆ ಬಂದದ್ದು ಹಗರಿ ಹೊಳೆ ದಾಟಿ ಈಚೆ ಬರುವುದಿಲ್ಲ. ಕನ್ನಡ ಪುಸ್ತಕದ ಅರ್ಥಶಾಸ್ತ್ರ ರಾಜ್ಯದ ಗಡಿಗೆ ನಿಂತುಬಿಡುತ್ತದೆ, ಓದುಗರು ಮಾತ್ರ ಗಡಿಯ ಎರಡೂ ಕಡೆ ಇದ್ದಾರೆ.

ಗಡಿಯ ಮಾತು ಬಂದಾಗ ಹುಡುಕುವವರಿಗೆ ಒಂದು ಸೂಚನೆ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯವಾದಾಗ ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆ ರಾಜ್ಯಕ್ಕೆ ಸೇರಿದವು. ಅದಕ್ಕೆ ಮುಂಚಿನ ಪುಸ್ತಕಗಳಲ್ಲಿ ಆಲೂರನ್ನು ‘ಕರ್ನೂಲು’ ಎಂದು ಹುಡುಕಿದರೆ ಏನೂ ಸಿಗದು, ‘ಬಳ್ಳಾರಿ’ ಎಂದು ಹುಡುಕಬೇಕು. ಜಾನ್ ಕೆಲ್ಸಾಲ್ 1872ರಲ್ಲಿ ಬರೆದ ಬಳ್ಳಾರಿ ಜಿಲ್ಲೆಯ ಕೈಪಿಡಿ, ಡಬ್ಲ್ಯು. ಫ್ರಾನ್ಸಿಸ್‌ರ 1904ರ ಗೆಜೆಟಿಯರ್ ಎರಡೂ ಈ ಸೀಮೆಯವೇ. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳ ಸಂಪುಟ, ಅಂದರೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯದು, 1939 ಮತ್ತು 1941ರಲ್ಲಿ ಎರಡು ಭಾಗವಾಗಿ ಬಂತು. ಅದರಲ್ಲಿ ಬಳ್ಳಾರಿ ಜಿಲ್ಲೆಯ ಕಲ್ಲುಗಳೇ ಹೆಚ್ಚು. ಆದೋನಿ, ಆಲೂರು ತಾಲ್ಲೂಕಿನವೂ ಸೇರಿವೆ. 1953ರ ನಂತರ ಕರ್ನಾಟಕದಲ್ಲಿ ಜಿಲ್ಲಾವಾರು ಬಂದ ಸಂಪುಟಗಳು ಹೊಸ ಗಡಿಗೇ ನಿಂತವು. ನಮ್ಮ ಊರಿನ ಗುಡಿಯ ಮುಂದಿನ ಕಲ್ಲನ್ನು ಯಾರಾದರೂ ಓದಿದ್ದಾರೆಯೇ ಎಂದು ನೋಡಬೇಕಾದವರು ಹಳೇ ಸಂಪುಟದಿಂದಲೇ ಶುರು ಮಾಡಬೇಕು. ಹಕ್ಕುಸ್ವಾಮ್ಯ ಮುಗಿದ ಇಂಥ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಪುಸ್ತಕವಾಗದೆ ಉಳಿದ ಪಿಎಚ್.ಡಿ. ಪ್ರಬಂಧಗಳನ್ನು ‘ಶೋಧಗಂಗಾ’ ಜಾಲತಾಣದಲ್ಲಿ ಓದಬಹುದು, ಕನ್ನಡದವು ಅಲ್ಲಿ ಬೇಕಾದಷ್ಟಿವೆ.

ಹೊಸದು ಏನು ಬಂತು ಎಂದು ತಿಳಿಯುವುದು ಈಗ ಕಷ್ಟವಲ್ಲ. ಭಾನುವಾರದ ಪುರವಣಿಗಳು, ನವಕರ್ನಾಟಕದವರ ‘ಹೊಸತು’ ಮಾಸಪತ್ರಿಕೆ, ‘ಬುಕ್ ಬ್ರಹ್ಮ’ ಜಾಲತಾಣ, ಇಷ್ಟು ಕಣ್ಣಾಡಿಸಿದರೆ ಮುಖ್ಯವಾದದ್ದು ತಪ್ಪುವುದಿಲ್ಲ. ಸಣ್ಣ ಪ್ರಕಾಶಕರು ಫೇಸ್‌ಬುಕ್ಕಿನಲ್ಲಿ ಮುಖಪುಟ ಹಾಕಿ, ಪ್ರಕಟಣಪೂರ್ವ ಬೆಲೆ ತಿಳಿಸಿ, ವಾಟ್ಸ್‌ಆ್ಯಪ್ ನಂಬರ್ ಕೊಡುತ್ತಾರೆ. ವಿಳಾಸ ಕಳಿಸಿ, ಫೋನ್‌ಪೇ ಮಾಡಿದರೆ ಮುಗಿಯಿತು. ಒಂದೇ ಹೆಸರಿನ ಎರಡು ಪುಸ್ತಕಗಳಿದ್ದರೆ, ಅಥವಾ ಯಾವ ಮುದ್ರಣ ಎಂಬ ಗೊಂದಲವಿದ್ದರೆ ಹಿಂಬದಿಯ ಐಎಸ್‌ಬಿಎನ್ ಹೇಳಿ. ಹದಿಮೂರು ಅಂಕಿಯ ಆ ಸಂಖ್ಯೆ ನಮ್ಮ ದೇಶದ ಪುಸ್ತಕಕ್ಕಾದರೆ 978-81 ಇಲ್ಲವೇ 978-93ರಿಂದ ಶುರುವಾಗುತ್ತದೆ. ಪಿನ್‌ಕೋಡ್ ಜೊತೆ ‘ಕರ್ನೂಲು ಜಿಲ್ಲೆ, ಆಂಧ್ರಪ್ರದೇಶ’ ಎಂದು ತಪ್ಪದೆ ಬರೆಯಿರಿ. ಕರ್ನಾಟಕದಲ್ಲಿ ಆಲೂರು ಎಂದರೆ ಹಾಸನದ್ದು ಅಂದುಕೊಳ್ಳುವವರೇ ಜಾಸ್ತಿ.

ಅಂಚೆಯ ಲೆಕ್ಕ ಸ್ವಲ್ಪ ಗಮನವಿಟ್ಟು ನೋಡಿ. ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಾಗ ಸಣ್ಣ ಪ್ರಕಾಶಕರು ಕಂಗಾಲಾದರು. 2025ರ ಮೇ 1ರಿಂದ ಅದರ ಜಾಗಕ್ಕೆ ‘ಜ್ಞಾನ ಪೋಸ್ಟ್’ ಬಂತು. ಆಗ ಗೊತ್ತುಮಾಡಿದ ದರ 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಪೊಟ್ಟಣ ಎಲ್ಲಿದೆ ಎಂದು ನಂಬರ್ ಹಾಕಿ ನೋಡಲೂ ಬರುತ್ತದೆ. ಒಂದೇ ತೆಳು ಪುಸ್ತಕ ತರಿಸಿದರೂ 20 ರೂಪಾಯಿ ಬೀಳುತ್ತದೆ. ನಾಲ್ಕೈದು ಮಂದಿ ಸೇರಿ ಐದು ಕಿಲೋದ ಒಂದು ಕಟ್ಟು ತರಿಸಿದರೆ ಕಿಲೋಗೆ ಇಪ್ಪತ್ತೇ ಆಯಿತು. ಕನ್ನಡ ಶಾಲೆಯ ಮೇಷ್ಟ್ರುಗಳು ಒಟ್ಟಾಗಿ ಪಟ್ಟಿ ಮಾಡಿದರೆ ಇದು ದೊಡ್ಡ ಉಳಿತಾಯ. ಕಳಿಸುವವರಿಗೆ ‘ಜ್ಞಾನ ಪೋಸ್ಟಿನಲ್ಲಿ ಹಾಕಿ’ ಎಂದು ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಕೊರಿಯರಿಗೆ ಹೋಗುತ್ತದೆ. ನೆಲದ ಮೇಲಿನ ಸಾಗಾಟ, ನಿಧಾನ. ಪರೀಕ್ಷೆಗೆ ಬೇಕಾದ ಪುಸ್ತಕಕ್ಕೆ ನಂಬಬೇಡಿ.

ಕೊಳ್ಳಲಾಗದವರು ಗ್ರಂಥಾಲಯವನ್ನು ಬಿಟ್ಟುಕೊಡಬಾರದು. ಆಂಧ್ರದ ಗ್ರಂಥಾಲಯ ಕಾಯ್ದೆ 1960ರದು. ಮನೆ ತೆರಿಗೆಯ ಜೊತೆ ರೂಪಾಯಿಗೆ 8 ಪೈಸೆ ಗ್ರಂಥಾಲಯ ಸೆಸ್ ಕಟ್ಟುತ್ತೇವೆ. ಕನ್ನಡ ಓದುವ ಮನೆಯವರೂ ಕಟ್ಟಿದ್ದೇ ತಾನೆ? ಹಾಗಾದರೆ ಶಾಖಾ ಗ್ರಂಥಾಲಯದಲ್ಲಿ ಪುಸ್ತಕದ ಹೆಸರು, ಪ್ರಕಾಶಕರು, ಬೆಲೆ, ಐಎಸ್‌ಬಿಎನ್ ಬರೆದು, ಹತ್ತಾರು ಓದುಗರ ಸಹಿ ಹಾಕಿಸಿ ಅರ್ಜಿ ಕೊಡಲು ಅಂಜಿಕೆ ಏಕೆ? ‘ಕನ್ನಡ ಪುಸ್ತಕ ತರಿಸಿ’ ಎಂಬ ಬರೀ ಮಾತಿನ ಬೇಡಿಕೆ ಯಾರ ಕಡತಕ್ಕೂ ಹೋಗುವುದಿಲ್ಲ. ಗಡಿಯಾಚೆಯ ಕನ್ನಡ ಶಾಲೆ, ಸಂಘಗಳಿಗೆ ನೆರವಾಗಲು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಇದೆ. ಅಲ್ಲಿಗೂ ಇಂಥದೇ ಖಚಿತ ಪಟ್ಟಿ ಹೋಗಬೇಕು.

ಕಟ್ಟು ಬಂದ ಮೇಲೆ ಒಂದು ಕೆಲಸ. ಓದುವುದಕ್ಕೆ ಮುಂಚೆ ಪ್ರತಿ ಪುಸ್ತಕದ ಪುಟಸಂಖ್ಯೆ ಸರಸರನೆ ನೋಡಿಬಿಡಿ. ಬೈಂಡಿಂಗಿನಲ್ಲಿ ತಪ್ಪಾದರೆ ಒಂದೆರಡು ಪುಟ ಹೋಗುವುದಿಲ್ಲ, ಇಡೀ ಫಾರಮ್ಮೇ ಹೋಗುತ್ತದೆ: 32 ಆದ ಮೇಲೆ 49 ಬರುತ್ತದೆ, ಇಲ್ಲವೇ ಅದೇ ಹದಿನಾರು ಪುಟ ಎರಡು ಸಲ ಕೂತಿರುತ್ತವೆ. ಆ ಜಾಗದ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಿದರೆ ಪ್ರಕಾಶಕರು ತಕರಾರಿಲ್ಲದೆ ಬೇರೆ ಪ್ರತಿ ಕಳಿಸುತ್ತಾರೆ. ಕೇಳುವುದಾದರೆ ಬೇಗ ಕೇಳಿ; ಐನೂರು ಪ್ರತಿಯ ಪುಸ್ತಕದಲ್ಲಿ ಬದಲಿ ಕೊಡಲು ಉಳಿದಿರುವುದು ಕೆಲವೇ.