ನಾಲ್ಕರ ಕೆಳಗೆ ನಾಲ್ಕು, ಉತ್ತರ ಒಂದಲ್ಲ!

ಗಿಟಾರ್ ಅಥವಾ ಕೀಬೋರ್ಡ್ ಕಲಿಯಲು ಹೊರಟರೆ ಪುಸ್ತಕದ ಮೊದಲ ಪುಟದಲ್ಲೇ ಕಾಣುವುದು ಒಂದರ ಮೇಲೊಂದು ಕುಳಿತ ಎರಡು ನಾಲ್ಕುಗಳು. ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈ ಸುಮ್ಮನಿರುತ್ತದೆಯೇ? ತಕ್ಷಣ ಭಾಗಿಸಿ, ಉತ್ತರ ಒಂದು ಎಂದುಬಿಡುತ್ತೇವೆ. ಆದರೆ ಇದು ಭಿನ್ನರಾಶಿಯಲ್ಲ.

ಹಾಡನ್ನು ಸಮನಾದ ಪುಟ್ಟ ಮನೆಗಳಾಗಿ ವಿಂಗಡಿಸುತ್ತಾರೆ. ಅಂಥ ಒಂದು ಮನೆಗೆ ಬಾರ್ ಎಂದು ಹೆಸರು. ಒಂದು ಬಾರ್‌ನಲ್ಲಿ ಎಷ್ಟು ಬೀಟ್ ಎಂಬುದನ್ನು ಮೇಲಿನ ನಾಲ್ಕು ಹೇಳುತ್ತದೆ. ಒಂದು ಬೀಟ್‌ಗೆ ಒಂದು ಕ್ವಾರ್ಟರ್ ನೋಟ್ ಎಂಬುದು ಕೆಳಗಿನ ನಾಲ್ಕರ ಅರ್ಥ. ಪಾಪ್, ರಾಕ್ ಹಾಡುಗಳಲ್ಲಿ ಹೆಚ್ಚಿನವು ಈ ಲೆಕ್ಕದಲ್ಲೇ ನಡೆಯುತ್ತವೆ. ಇದೇ ‘ಕಾಮನ್ ಟೈಮ್’.

ಇದನ್ನು ಇಂಗ್ಲಿಷಿನ ‘ಸಿ’ ಅಕ್ಷರದಂಥ ಚಿಹ್ನೆಯಿಂದಲೂ ಸೂಚಿಸುತ್ತಾರೆ. ಅದು ‘ಕಾಮನ್’ ಪದದ ಮೊದಲ ಅಕ್ಷರ ಎಂದು ಅನೇಕರು ತಿಳಿದಿದ್ದಾರೆ. ಅಸಲಿಗೆ ಅದು ಅಕ್ಷರವೇ ಅಲ್ಲ, ಮುರಿದ ವೃತ್ತ! ಮಧ್ಯಯುಗದ ಯುರೋಪಿನಲ್ಲಿ ಮೂರರ ಲೆಕ್ಕವನ್ನು ಕ್ರೈಸ್ತರ ತ್ರಿತ್ವದೊಂದಿಗೆ ಹೋಲಿಸಿ ‘ಪರಿಪೂರ್ಣ’ ಎನ್ನುತ್ತಿದ್ದರು; ಅದಕ್ಕೆ ಪೂರ್ಣ ವೃತ್ತ. ಎರಡರ ಲೆಕ್ಕ ‘ಅಪೂರ್ಣ’. ಅದಕ್ಕೆ ಅರ್ಧ ವೃತ್ತ. ಅಂದು ಅಪೂರ್ಣ ಎನಿಸಿಕೊಂಡ ಆ ಗುರುತೇ ಇಂದು ಜಗತ್ತು ಕುಣಿಯುವ ಲಯದ ಚಿಹ್ನೆ.

ಆದರೆ ಬರೀ ನಾಲ್ಕು ಎಣಿಸಿದರೆ ಸಾಲದು, ಒತ್ತು ಎಲ್ಲಿ ಎಂಬುದು ಮುಖ್ಯ. ಮೊದಲ ಬೀಟ್ ಗಟ್ಟಿ, ಮೂರನೆಯದು ಅದಕ್ಕಿಂತ ಕೊಂಚ ಕಡಿಮೆ, ಎರಡು ಮತ್ತು ನಾಲ್ಕು ಹಗುರ. ರಾಕ್ ಸಂಗೀತ ಇದನ್ನೇ ತಿರುವಿ, ಎರಡು ಮತ್ತು ನಾಲ್ಕರ ಮೇಲೆ ಡ್ರಮ್ ಬಾರಿಸಿತು. ಕ್ವೀನ್ ತಂಡದ 1977ರ ‘ವಿ ವಿಲ್ ರಾಕ್ ಯು’ ನೆನಪಿಸಿಕೊಳ್ಳಿ. ಕಾಲು, ಕಾಲು, ಚಪ್ಪಾಳೆ! ಆ ಚಪ್ಪಾಳೆ ಬೀಳುವುದು ಎರಡು ಮತ್ತು ನಾಲ್ಕರ ಮೇಲೆಯೇ.

ಗಣಿತದಲ್ಲಿ 3/4 ಮತ್ತು 6/8 ಒಂದೇ. ಸಂಗೀತದಲ್ಲಿ ಮೊದಲನೆಯದು ಮೂರು ಬೀಟ್‌ಗಳ ವಾಲ್ಟ್ಸ್ ನಡೆ. ಎರಡನೆಯದು ಮೂರು ಮೂರರ ಎರಡು ಗುಂಪು. ಮೊತ್ತ ಒಂದೇ ಆದರೂ ಒತ್ತು ಬದಲಾದರೆ ಹಾಡೇ ಬದಲಾಗುತ್ತದೆ. ಕಾಲೇಜು ಫೆಸ್ಟ್‌ಗೆ ಬ್ಯಾಂಡ್ ಕಟ್ಟುವವರು ಗಮನಿಸಬೇಕಾದದ್ದು ಇದನ್ನೇ. ಎಲ್ಲರೂ ತಮ್ಮ ತಮ್ಮ ಸ್ವರ ಸರಿಯಾಗಿ ನುಡಿಸಿದರೂ, ‘ಒಂದು’ ಎಲ್ಲಿದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಕಡೆ ಕೇಳಿಸಿದರೆ ವೇದಿಕೆಯ ಮೇಲೆ ಉಳಿಯುವುದು ಗದ್ದಲ ಮಾತ್ರ.

ಇಂದು ಬಸ್ಸಿನಲ್ಲಿ ಇಯರ್‌ಫೋನ್ ಹಾಕಿದಾಗ ಆ ‘ಒಂದ’ನ್ನು ಹುಡುಕಿ. ಅದು ಸುಲಭ ಎನಿಸಿದರೆ ಡೇವ್ ಬ್ರೂಬೆಕ್ ತಂಡದ 1959ರ ‘ಟೇಕ್ ಫೈವ್’ಗೆ ನಾಲ್ಕು ಎಣಿಸಿ ನೋಡಿ. ಎರಡನೇ ಬಾರ್‌ಗೇ ಲೆಕ್ಕ ತಪ್ಪುತ್ತದೆ. ಏಕೆಂದು ಹೆಸರಲ್ಲೇ ಇದೆ!