ಸ್ಟಿರಾಯ್ಡ್: ಥಟ್ಟನೆ ನಿಲ್ಲಿಸಬಾರದ ಔಷಧ

ಮೂತ್ರಪಿಂಡಗಳ ಮೇಲ್ತುದಿಯಲ್ಲಿರುವ ಅಡ್ರಿನಲ್ ಗ್ರಂಥಿಗಳು ನಿತ್ಯವೂ ಕಾರ್ಟಿಸೋಲ್ ಸ್ರವಿಸುತ್ತವೆ. ಅದರ ಪ್ರತಿರೂಪಗಳಾದ ಪ್ರೆಡ್ನಿಸೋಲೋನ್ ಮೊದಲಾದ ಔಷಧಗಳು ಉರಿಯೂತವನ್ನು ತಗ್ಗಿಸುತ್ತವೆ. 1948ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಹೆಂಚ್, ಆಮವಾತದಿಂದ ನಡೆಯಲಾರದಿದ್ದ ಮಹಿಳೆಗೆ ಕಾರ್ಟಿಸೋನ್ ಕೊಡಲು, ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳು. ಉಲ್ಬಣಿಸಿದ ಉಬ್ಬಸದಲ್ಲಿ ಇದು ಪ್ರಾಣರಕ್ಷಕವೆಂಬುದನ್ನು ಆಯುರ್ವೇದ ವೈದ್ಯನಾದ ನಾನೂ ಒಪ್ಪುತ್ತೇನೆ.

ಆದರೆ ತಿಂಗಳುಗಟ್ಟಲೆ ಸೇವಿಸಿದರೆ ಮುಖ ಊದೀತು, ರಕ್ತದ ಸಕ್ಕರೆ ಏರೀತು, ಮೂಳೆ ಟೊಳ್ಳಾದೀತು. ಹೊರಗಿನಿಂದಲೇ ದೊರೆಯುವುದರಿಂದ ಗ್ರಂಥಿಗಳು ತಮ್ಮ ಕಾಯಕವನ್ನು ಮರೆಯುತ್ತವೆ. ಆಗ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು.

ಸಂತೆಯಲ್ಲಿ ಸಿಗುವ, ಒಂದೇ ದಿನದಲ್ಲಿ ಮಂಡಿನೋವು ಕಳೆಯುವ ಹೆಸರಿಲ್ಲದ ಚೂರ್ಣದಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಂಭವವುಂಟು. ಅಂಥದನ್ನು ಬಹುದಿನ ಸೇವಿಸಿದವರು ತಾವಾಗಿಯೇ ಬಿಡದೆ, ಪೊಟ್ಟಣದೊಡನೆ ವೈದ್ಯರನ್ನು ಕಾಣತಕ್ಕದ್ದು.